ಹನ್ನೊಂದನೇ ನಂಬರಿನವನ ಸರಾಸರಿ ಓಪನರ್‌ಗಿಂತ ಜಾಸ್ತಿ! ಈಗ ಓಪನಿಂಗ್ ಯಾರು?

ಕೊನೇ ಬ್ಯಾಟರ್: ಗೆಳೆಯರೇ, ನನಗೆ ನ್ಯಾಯ ಬೇಕು. ನಮ್ಮ ಭಾನುವಾರದ ಟೀಮಿನಲ್ಲಿ ನನ್ನದು ಹನ್ನೊಂದನೇ ನಂಬರ್. ಈ ಸೀಸನ್‌ನಲ್ಲಿ 9 ಇನ್ನಿಂಗ್ಸ್ ಆಡಿದ್ದೇನೆ, ಒಟ್ಟು 23 ರನ್. ನಗಬೇಡಿ, ಮುಂದೆ ಓದಿ. ಅದರಲ್ಲಿ 8 ಸಲ ನಾಟೌಟ್. ಅಂದರೆ ಸರಾಸರಿ 23! ನಮ್ಮ ಓಪನರ್ 189 ರನ್ ಹೊಡೆದಿದ್ದಾನೆ, ಆದರೆ ಒಂಬತ್ತೂ ಸಲ ಔಟ್. ಅವನ ಸರಾಸರಿ 21. ಲೆಕ್ಕ ಅಂದರೆ ಲೆಕ್ಕ ಅಲ್ವಾ? ಮುಂದಿನ ವಾರ ಓಪನಿಂಗ್ ನನಗೇ ಸಿಗಬೇಕು.

ಕವರ್ ಡ್ರೈವ್: 23 ರನ್ ಹೊಡೆಯೋಕೆ ಇಡೀ ಸೀಸನ್ ತಗೊಂಡಿದ್ದೀರಿ. ಧೈರ್ಯ ಮೆಚ್ಚಬೇಕು.

ಲೆಕ್ಕದ ಮೇಷ್ಟ್ರು: ಲೆಕ್ಕದಲ್ಲಿ ತಪ್ಪೇನೂ ಇಲ್ಲ. ಬ್ಯಾಟಿಂಗ್ ಸರಾಸರಿ ತೆಗೆಯುವಾಗ ರನ್ನನ್ನು ಇನ್ನಿಂಗ್ಸ್‌ನಿಂದ ಭಾಗಿಸುವುದಿಲ್ಲ, ಎಷ್ಟು ಸಲ ಔಟಾದಿರಿ ಅನ್ನುವುದರಿಂದ ಭಾಗಿಸುತ್ತಾರೆ. ನಿಮ್ಮಂಥವರಿಗೆ ಒಬ್ಬ ದೊಡ್ಡ ಗುರು ಇದ್ದಾರೆ. ಆಸ್ಟ್ರೇಲಿಯಾದ ಬೌಲರ್ ಬಿಲ್ ಜಾನ್‌ಸ್ಟನ್. 1953ರ ಇಂಗ್ಲೆಂಡ್ ಪ್ರವಾಸದಲ್ಲಿ 17 ಇನ್ನಿಂಗ್ಸ್ ಆಡಿ, 16 ಸಲ ನಾಟೌಟ್ ಉಳಿದು, 102 ರನ್ ಮಾಡಿದರು. ಸರಾಸರಿ 102! ಟೀಮಿನ ದೊಡ್ಡ ದೊಡ್ಡ ಬ್ಯಾಟರ್‌ಗಳೆಲ್ಲ ಅವರ ಕೆಳಗೆ.

ಕೊನೇ ಬ್ಯಾಟರ್: ನೋಡಿ, ನೋಡಿ! ಮೇಷ್ಟ್ರು ನನ್ನ ಕಡೆ.

ಲೆಕ್ಕದ ಮೇಷ್ಟ್ರು: ತಡೀರಿ, ನಾನಿನ್ನೂ ಮುಗಿಸಿಲ್ಲ. ಅಷ್ಟಾದರೂ ಜಾನ್‌ಸ್ಟನ್‌ಗೆ ಯಾರೂ ಓಪನಿಂಗ್ ಕೊಡಲಿಲ್ಲ.

ಆ ಓಪನರ್: ನಮಸ್ಕಾರ. ಇವನು ಹೇಳ್ತಿರೋ ಓಪನರ್ ನಾನೇ. ಒಂದು ವಿಷಯ ಹೇಳಲಿಲ್ಲ ನೋಡಿ. ಕೊನೆಯವನು ನಾಟೌಟ್ ಅಂದರೆ ಎದುರಿಗಿದ್ದವನು ಔಟ್ ಅಂತ ತಾನೇ? ಒಂದು ಮ್ಯಾಚಿನಲ್ಲಿ ಎದುರಿಗಿದ್ದವನು ನಾನು. 61ರಲ್ಲಿ ಆಡುತ್ತಿದ್ದೆ. ಇಲ್ಲದ ಎರಡನೇ ರನ್ನಿಗೆ ಕರೆದು, ಅರ್ಧ ದಾರಿಯಲ್ಲಿ ನನ್ನನ್ನು ಬಿಟ್ಟು ವಾಪಸ್ ಓಡಿದ. ನಾನು ರನೌಟ್, ಇವನು ನಾಟೌಟ್. ಇವನ ಸರಾಸರಿಗೆ ಬೆವರು ಸುರಿಸಿದವರು ಬೇರೆಯವರು.

ಕೊನೇ ಬ್ಯಾಟರ್: ಅದು ಹಳೇ ಕಥೆ. ಈಗ ಯಾಕೆ ತೆಗೀತೀಯ?

ಸಿಲ್ಲಿ ಪಾಯಿಂಟ್: ಹೋದ ತಿಂಗಳಿನದು ಹಳೇ ಕಥೆನಾ ಮಾರಾಯಾ!

ಮೇಡನ್ ಓವರ್: ನಾಟೌಟ್ ವಿಷಯದಲ್ಲಿ ನನಗೆ ತುಂಬಾ ಇಷ್ಟದ ಇನ್ನಿಂಗ್ಸ್ ಗವಾಸ್ಕರ್ ಅವರದು. 1975ರ ವಿಶ್ವಕಪ್, ಲಾರ್ಡ್ಸ್. ಆಗ 60 ಓವರ್ ಪಂದ್ಯ. ಇಂಗ್ಲೆಂಡ್ 334 ಹೊಡೆದಿತ್ತು. ಗವಾಸ್ಕರ್ 174 ಬಾಲ್ ಆಡಿ 36 ರನ್, ನಾಟೌಟ್. ಭಾರತ 3 ವಿಕೆಟ್‌ಗೆ 132. ಆವತ್ತು ಎಲ್ಲರೂ ಬೈದುಕೊಂಡರು. ಆದರೆ ಅವರ ಸರಾಸರಿಯನ್ನು ಕೇಳಿ ನೋಡಿ, 'ನನಗೆ ಒಳ್ಳೆಯದೇ ಆಯಿತು' ಅನ್ನುತ್ತದೆ. 36 ರನ್ ಸೇರಿತು, ಔಟ್ ಒಂದೂ ಸೇರಲಿಲ್ಲ.

ಕವರ್ ಡ್ರೈವ್: ಹಾಗಾದರೆ ನಾಟೌಟನ್ನೂ ಸೇರಿಸಿ, ರನ್ನನ್ನು ಇನ್ನಿಂಗ್ಸ್‌ನಿಂದಲೇ ಭಾಗಿಸಿದರೆ ಆಯಿತಲ್ಲ? ಜಗಳವೇ ಇರಲ್ಲ.

ಲೆಕ್ಕದ ಮೇಷ್ಟ್ರು: ಅದರಲ್ಲೂ ಅನ್ಯಾಯ ಇದೆ. ಗೆಲ್ಲಲು 5 ರನ್ ಬೇಕಿದ್ದಾಗ ಬಂದು 5 ಹೊಡೆದು ಗೆಲ್ಲಿಸಿದವನ ಖಾತೆಗೆ 'ಬರೀ 5' ಅಂತ ಬೀಳುತ್ತದೆ. 1999ರ ವಿಶ್ವಕಪ್‌ನಲ್ಲಿ ದಕ್ಷಿಣ ಆಫ್ರಿಕಾದ ಕ್ಲೂಸ್ನರ್ 281 ರನ್ ಹೊಡೆದರು, ಔಟಾಗಿದ್ದು ಎರಡೇ ಸಲ. ಸರಾಸರಿ 140.50. ಆ ಸಂಖ್ಯೆ ಅತಿ ಅನಿಸಬಹುದು, ಆದರೆ ಆ ಟೂರ್ನಿಯಲ್ಲಿ ಅವರಿಗೆ ಬೌಲ್ ಮಾಡಿದವರು ಅತಿ ಅನ್ನಲ್ಲ. ಆಸ್ಟ್ರೇಲಿಯಾದ ಬ್ರಾಡ್ಮನ್‌ಗೆ ಮಾತ್ರ ಯಾವ ಲೆಕ್ಕ ಹಾಕಿದರೂ ಒಂದೇ. ಟೆಸ್ಟ್‌ನಲ್ಲಿ 80 ಇನ್ನಿಂಗ್ಸ್, 10 ನಾಟೌಟ್, 6996 ರನ್, 99.94. ನಾಟೌಟ್ ರಿಯಾಯಿತಿ ಕಿತ್ತುಕೊಂಡರೂ 87.45 ಬರುತ್ತದೆ. ದಕ್ಷಿಣ ಆಫ್ರಿಕಾದ ಗ್ರೇಮ್ ಪೊಲಾಕ್ ಅವರಂಥ ದಿಗ್ಗಜರದ್ದು ರಿಯಾಯಿತಿ ಸೇರಿಸಿದರೂ 60.97.

ಸಿಲ್ಲಿ ಪಾಯಿಂಟ್: ಸಾಕು ಮೇಷ್ಟ್ರೇ, ಕ್ಲಾಸ್ ಮುಗಿಸಿ. ಎಲ್ಲರೂ ಮರೆತಿರುವ ಒಬ್ಬ ಮಹಾನ್ ಬ್ಯಾಟರ್ ಇದ್ದಾನೆ. ಪ್ರತಿ ಮ್ಯಾಚ್ ಆಡುತ್ತಾನೆ. ಎಲ್ಲಾ ದೇಶಕ್ಕೂ ಆಡುತ್ತಾನೆ. ಇದುವರೆಗೂ ಒಂದು ಸಲವೂ ಔಟಾಗಿಲ್ಲ. ಹೆಸರು ಎಕ್ಸ್‌ಟ್ರಾಸ್.

ಮೇಡನ್ ಓವರ್: ಹಹ್ಹಾ! ಟಾಪ್ ಸ್ಕೋರರ್ ಕೂಡ ಆಗಿದ್ದಾನೆ. 1924ರಲ್ಲಿ ಎಜ್‌ಬಾಸ್ಟನ್‌ನಲ್ಲಿ ದಕ್ಷಿಣ ಆಫ್ರಿಕಾ 30ಕ್ಕೆ ಆಲೌಟ್. ಎಕ್ಸ್‌ಟ್ರಾಸ್, ಅಂದರೆ ಬ್ಯಾಟಿನಿಂದ ಬಾರದ ರನ್, 11. ಬ್ಯಾಟಿನಿಂದ ಜಾಸ್ತಿ ಬಂದಿದ್ದು ಕ್ಯಾಪ್ಟನ್ ಹರ್ಬಿ ಟೇಲರ್ ಅವರ 7.

ಆ ಓಪನರ್: ಓಹೋ, ಹಾಗಾದರೆ ನನ್ನ ಜೊತೆ ಎಕ್ಸ್‌ಟ್ರಾಸ್‌ನೇ ಓಪನಿಂಗ್ ಕಳಿಸಿ. ಅವನು ರನೌಟ್ ಮಾಡಿಸಲ್ಲ.

ಕವರ್ ಡ್ರೈವ್: ನನ್ನದೂ ಒಂದು ಹುಚ್ಚು ಐಡಿಯಾ. ಎರಡನೇ ಇನ್ನಿಂಗ್ಸ್‌ನಲ್ಲಿ ಬ್ಯಾಟಿಂಗ್ ಆರ್ಡರ್ ಪೂರ್ತಿ ತಲೆಕೆಳಗೆ ಮಾಡಬೇಕು. ಹನ್ನೊಂದನೆಯವನು ಓಪನರ್, ಓಪನರ್ ಹನ್ನೊಂದನೆಯವನು. ನಮ್ಮ ಸ್ಪಿನ್ನರ್ ಬಿ.ಎಸ್. ಚಂದ್ರಶೇಖರ್ ಓಪನಿಂಗ್ ಬರುವುದನ್ನು ನೆನೆಸಿಕೊಳ್ಳಿ! ಟೆಸ್ಟ್‌ನಲ್ಲಿ 242 ವಿಕೆಟ್, 167 ರನ್. ತೆಗೆದ ವಿಕೆಟ್‌ಗಿಂತ ಹೊಡೆದ ರನ್ ಕಡಿಮೆ. ಹೊಸ ಬಾಲಿನ ಎದುರು ಅವರು ನಿಂತರೆ ಟಿಕೆಟ್ ಬೆಲೆ ದುಪ್ಪಟ್ಟಾದರೂ ನಾನು ಹೋಗುತ್ತೇನೆ. ಸುಮ್ನೆ ತಮಾಷೆಗೆ ಹೇಳಿದೆ, ಯಾವ ಕ್ಯಾಪ್ಟನ್ ಇಂಥದ್ದು ಮಾಡುತ್ತಾನೆ?

ಲೆಕ್ಕದ ಮೇಷ್ಟ್ರು: ಬ್ರಾಡ್ಮನ್ ಮಾಡಿದ್ದಾರೆ.

ಕವರ್ ಡ್ರೈವ್: ಏನು?!

ಲೆಕ್ಕದ ಮೇಷ್ಟ್ರು: 1937ರ ಜನವರಿ, ಮೆಲ್ಬರ್ನ್. ಇಂಗ್ಲೆಂಡ್ ಎದುರಿನ ಆ್ಯಷಸ್ ಸರಣಿಯಲ್ಲಿ ಆಸ್ಟ್ರೇಲಿಯಾ 0-2 ಹಿಂದಿತ್ತು. ಆಗ ಪಿಚ್‌ಗೆ ಹೊದಿಕೆ ಇರಲಿಲ್ಲ. ಮಳೆಯಲ್ಲಿ ನೆನೆದ ಪಿಚ್ ಮೇಲೆ ಬಾಲ್ ಎತ್ತ ಏಳುತ್ತದೋ ಹೇಳುವಂತಿರಲಿಲ್ಲ. ಇಂಗ್ಲೆಂಡ್ ಕೂಡ ಬೇಕೆಂದೇ 9 ವಿಕೆಟ್‌ಗೆ 76ರಲ್ಲಿ ಡಿಕ್ಲೇರ್ ಮಾಡಿ ಇವರನ್ನು ಬ್ಯಾಟಿಂಗ್‌ಗೆ ಎಳೆಯಿತು. ಬ್ರಾಡ್ಮನ್ ಏನು ಮಾಡಿದರು? ಬಾಲಂಗೋಚಿಗಳಾದ ಓರೈಲಿ ಮತ್ತು ಫ್ಲೀಟ್‌ವುಡ್ ಸ್ಮಿತ್ ಅವರನ್ನೇ ಓಪನಿಂಗ್ ಕಳಿಸಿದರು. ತಾವು ಏಳನೇ ನಂಬರಿಗೆ ಇಳಿದರು. ಅಷ್ಟರಲ್ಲಿ ಪಿಚ್ ಒಣಗಿತ್ತು. 270 ಹೊಡೆದರು! ಜೊತೆಗಿದ್ದ ಫಿಂಗಲ್ಟನ್ 136. ಆರನೇ ವಿಕೆಟ್‌ಗೆ ಇಬ್ಬರೂ ಸೇರಿ 346. ಆ ಪಂದ್ಯವನ್ನೂ ಗೆದ್ದರು, ಕೊನೆಗೆ ಸರಣಿಯನ್ನೂ 3-2ರಲ್ಲಿ ಗೆದ್ದರು.

ಮೇಡನ್ ಓವರ್: ನನಗೆ ಈ ಕಥೆಯಲ್ಲಿ ಇಷ್ಟವಾಗೋದು 270 ಅಲ್ಲ. 'ಪಿಚ್ ಕೆಟ್ಟಿದೆ, ಇವತ್ತು ಬಾಲಂಗೋಚಿಗಳೇ ನಮ್ಮ ಬೆಸ್ಟ್ ಓಪನರ್‌ಗಳು' ಅಂತ ಯೋಚಿಸಿದ ಆ ತಲೆ.

ಕೊನೇ ಬ್ಯಾಟರ್: ಗೆದ್ದೆ! ಬ್ರಾಡ್ಮನ್ ಅವರೇ ನನ್ನ ಪರ ತೀರ್ಪು ಕೊಟ್ಟಿದ್ದಾರೆ. ಅಂದಹಾಗೆ ಮೇಷ್ಟ್ರೇ, ಆ ಇಬ್ಬರು ಓಪನರ್‌ಗಳು ಎಷ್ಟು ಹೊಡೆದರು?

ಲೆಕ್ಕದ ಮೇಷ್ಟ್ರು: ಸೊನ್ನೆ. ಇಬ್ಬರೂ.

ಸಿಲ್ಲಿ ಪಾಯಿಂಟ್: ನಿಮ್ಮ ಸರಾಸರಿ 23ರಿಂದ ನೇರ ಹನ್ನೊಂದೂವರೆಗೆ ಬೀಳುತ್ತದೆ. ಯೋಚನೆ ಮಾಡಿ ಸಾರ್.

ಆ ಓಪನರ್: ಕ್ಯಾಪ್ಟನ್‌ಗೆ ಈಗ ತಾನೇ ಫೋನ್ ಮಾಡಿದೆ. ಒಪ್ಪಿದ್ದಾನೆ. ಭಾನುವಾರ ಮಳೆ ಬಂದು ಪಿಚ್ ನೆನೆದರೆ ಓಪನಿಂಗ್ ನಿನಗೇ. ನಾನು ಏಳನೇ ನಂಬರ್.

ಕೊನೇ ಬ್ಯಾಟರ್: ಭಾನುವಾರ ನನಗೆ ಸ್ವಲ್ಪ ಬೆನ್ನು ನೋವು ಇರೋ ಹಾಗಿದೆ.

ಕವರ್ ಡ್ರೈವ್: ಇವತ್ತಿನ್ನೂ ಬುಧವಾರ!