ಹಾಜರಿ ಬೋನಸ್ ಏರಿಸಿದರೂ ಟೈಲರ್‌ಗಳು ನಿಲ್ಲುತ್ತಿಲ್ಲ, ಏನು ಮಾಡೋದು?

ಪ್ರಶ್ನೆ (ಗಾರ್ಮೆಂಟ್ಸ್ ಎಚ್‌ಆರ್, ಮದ್ದೂರು ಕಡೆ): ಮೇಡಂ, ಹಾಜರಿ ಬೋನಸ್ ಏರಿಸಿದ್ದೇವೆ, ಬಸ್ಸೂ ಬಿಟ್ಟಿದ್ದೇವೆ. ಆದರೂ ಟೈಲರ್‌ಗಳು ಬಿಟ್ಟು ಹೋಗುತ್ತಾರೆ. ಕೇಳಿದರೆ "ಮನೇಲಿ ತೊಂದರೆ" ಅಂತಾರೆ. ನೋಡಿದರೆ ಅಷ್ಟೇ ಸಂಬಳಕ್ಕೆ ಪಕ್ಕದ ಫ್ಯಾಕ್ಟರಿ ಸೇರಿರುತ್ತಾರೆ! ಒತ್ತಡವೇ ಕಾರಣವಾ?

ಉತ್ತರ: ಒತ್ತಡ ಹೌದು. ಆದರೆ ಗಂಟೆಗೆ ಇಷ್ಟು ಪೀಸ್ ಅನ್ನೋ ಟಾರ್ಗೆಟ್ ಜಾಸ್ತಿ ಅನ್ನೋ ಒಂದೇ ಕಾರಣಕ್ಕೆ ಜನ ಬಿಡುವುದು ಕಡಿಮೆ. ಕೆಲಸದ ಒತ್ತಡದ ಬಗ್ಗೆ ಸಂಶೋಧನೆ ಮಾಡಿದ ರಾಬರ್ಟ್ ಕರಾಸೆಕ್ 1979ರಲ್ಲೇ ಇದನ್ನು ಬರೆದಿದ್ದರು: ಹೊರೆ ಹೆಚ್ಚಿದ್ದು, ಕೆಲಸ ಹೇಗೆ ನಡೆಯಬೇಕು ಅನ್ನೋದರಲ್ಲಿ ತನ್ನ ಮಾತು ನಡೆಯದಿದ್ದಾಗ ಮನುಷ್ಯ ಹೆಚ್ಚು ಬಳಲುತ್ತಾನೆ.

ನಿಮ್ಮ ಲೈನನ್ನೇ ನೋಡಿ. ಕಟಿಂಗ್ ವಿಭಾಗದಿಂದ ಬಟ್ಟೆ ಬರೋದು ತಡವಾಯಿತು, ಎಲ್ಲರೂ ಸುಮ್ನೆ ಕೂತರು. ಬಂದ ಮೇಲೆ ಆ ಗಂಟೆಯ ಪೀಸನ್ನೂ ಸೇರಿಸಿ ಕೇಳುತ್ತಾರೆ. ಬೋರ್ಡ್‌ನಲ್ಲಿ ಲೆಕ್ಕ ಕಡಿಮೆ ಕಂಡರೆ ಸೂಪರ್‌ವೈಸರ್ ಎಲ್ಲರೆದುರು ಬೈಯುತ್ತಾನೆ. ಕಾಲರ್ ಹೊಲಿಯುವವಳದ್ದು ಇದರಲ್ಲಿ ಏನು ತಪ್ಪು? ಎದ್ದು ಹೋದರೆ ಪೀಸ್ ಬಾಕಿ ಬೀಳುತ್ತದೆ ಅಂತ ನೀರು ಕುಡಿಯುವುದನ್ನೇ ಕಡಿಮೆ ಮಾಡಿರುತ್ತಾಳೆ. ಇದಕ್ಕೆ ಬೋನಸ್ ಮದ್ದಲ್ಲ.

ಬಿಡುವ ಮುಂಚೆ ಸೂಚನೆ ಸಿಗುತ್ತದೆ. ಮೊದಲು ಪಕ್ಕದ ಮಷಿನ್‌ನವಳಿಗೆ ಕೈಜೋಡಿಸೋದು ನಿಲ್ಲುತ್ತದೆ. ಆಮೇಲೆ ಓಟಿ ಬೇಡ ಅಂತಾರೆ. ಸೋಮವಾರ ಬಂದರೆ ರಜೆ ಹಾಕುತ್ತಾರೆ. ಪಿಎಫ್ ವಿಚಾರಿಸೋಕೆ ನಿಮ್ಮ ಹತ್ತಿರ ಬರುವಷ್ಟರಲ್ಲಿ ತೀರ್ಮಾನ ಆಗಿಹೋಗಿರುತ್ತದೆ.

ಇನ್ನೊಬ್ಬರ ಪ್ರಶ್ನೆ: ಹಳಬರು ಉಳಿದಿದ್ದಾರಲ್ಲ, ಅವರಿಗೆ ಕೆಲಸ ಇಷ್ಟ ಅಂತ ತಾನೆ?

ಉತ್ತರ: ಹಾಗೇನಿಲ್ಲ ಸರ್. ಕೆಲಸ ಬಿಡುವಾಗ ಸಿಗುವ ಗ್ರಾಚ್ಯುಟಿಗೆ 5 ವರ್ಷ ತುಂಬಲಿ ಅಂತ ಹಲ್ಲುಕಚ್ಚಿ ಇರುವವರೂ ಇದ್ದಾರೆ. 2016ರ ಏಪ್ರಿಲ್ ನೆನಪಿದೆ ಅಲ್ವಾ? ಮಾಲೀಕರ ಪಾಲಿನ ಪಿಎಫ್ 58 ವರ್ಷದವರೆಗೆ ಸಿಗಲ್ಲ ಅಂದಾಗ ಬೆಂಗಳೂರಿನ ಗಾರ್ಮೆಂಟ್ಸ್ ಹೆಂಗಸರು ರಸ್ತೆಗೇ ಇಳಿದರು. ಕೇಂದ್ರ ಆ ನಿಯಮ ವಾಪಸ್ ತೆಗೆದುಕೊಂಡಿತು. 58ರವರೆಗೆ ಆ ಮಷಿನ್ ಮುಂದೆ ಕೂರುವ ಲೆಕ್ಕ ಯಾರಿಗಿತ್ತು ಹೇಳಿ!

ಮೊದಲು ಪ್ರಶ್ನೆ ಕೇಳಿದ ಸರ್: ಮೇಡಂ, ನಾನು ಎಲ್ಲಿಂದ ಶುರು ಮಾಡಲಿ?

ಉತ್ತರ: ಬಟ್ಟೆ ಬಾರದ ಗಂಟೆಯನ್ನು ಟಾರ್ಗೆಟ್‌ನಿಂದ ಕಳೆಯಿರಿ. ಬಿಟ್ಟವರ ಲೆಕ್ಕವನ್ನು ಲೈನ್‌ವಾರು ತೆಗೆಯಿರಿ, ಇಡೀ ಫ್ಯಾಕ್ಟರಿಯದ್ದು ಒಟ್ಟಿಗೆ ಬೇಡ. ಒಂದೆರಡು ಲೈನ್‌ನಲ್ಲೇ ಜಾಸ್ತಿ ಇದ್ದರೆ ಅಲ್ಲಿನ ಸೂಪರ್‌ವೈಸರ್ ಜೊತೆ ಕೂತು ಮಾತಾಡಿ. ಅವನನ್ನೂ ಬೈಯಬೇಡಿ, ಶಿಪ್‌ಮೆಂಟ್ ತಾರೀಖು ಹಿಡಿದು ಮ್ಯಾನೇಜರ್ ಅವನ ತಲೆ ಮೇಲೆ ಕೂತಿರುತ್ತಾರೆ. ಲೆಕ್ಕ ಸಿಕ್ಕಿದ ಮೇಲೆ ಇಲ್ಲೇ ಹಾಕಿ, ಯಾರ ಹೆಸರೂ ಬೇಡ. ನೋಡೋಣ.