ಸಮಸ್ಯೆ: ಅಳಿಸಿದ ಪದಮೇ ಕವಿತೆಯನುಳಿಸಿತು ನೋಡಾ

ಗದುಗಿನ ಗಾಳಿ: ಈ ವಾರದ ಸಮಸ್ಯೆ ಮೇಲಿದೆ, ಅದೇ ಕೊನೆಯ ಸಾಲಾಗುವಂತೆ ಪದ್ಯ ಪೂರೈಸಿ. ನಾಲ್ಕು ಸಾಲಿನ ಕಂದದಲ್ಲೇ ಬರಲಿ. ಬರೆದದ್ದನ್ನು ಒಮ್ಮೆ ತಿದ್ದಿ ಹಾಕಿ, ಹೋದ ಸಲದ ಹಾಗೆ ಬೇಡ.

ತುಂಗೆ ತೀರದವ: ‘ಹೋದ ಸಲ’ ಯಾರಿಗೆ ಅಂತ ಗೊತ್ತಾಯ್ತು. ತಗೊಳ್ಳಿ:

ತಳಮಳದಿಂ ಬರೆದುದನಾಂ
ಬೆಳಗಿನೊಳೋದಿದೊಡೆ ನಾಚಿ ಮನದೊಳ್ ನೊಂದೆಂ
ಕಳೆದೆಂ ಮೆಚ್ಚಿನ ನುಡಿಯಂ
ಅಳಿಸಿದ ಪದಮೇ ಕವಿತೆಯನುಳಿಸಿತು ನೋಡಾ

ಲಘುಗುರು: ಹತ್ತು ನಿಮಿಷದ ಹಿಂದೆ ‘ಬೆಳಗಿನೊಳೋದಲ್ ನಾಚಿಕೆ’ ಎಂದಿತ್ತು. ಕಂದದ ಆರನೇ ಗಣ (ನಾಲ್ಕು ಮಾತ್ರೆಯ ತುಂಡು) ಲಘು-ಗುರು-ಲಘು ಇಲ್ಲವೇ ನಾಲ್ಕೂ ಲಘು ಆಗಬೇಕು, ಅಲ್ಲಿ ಎಡವಿತ್ತು. ಸದ್ದಿಲ್ಲದೆ ತಿದ್ದಿದ್ದೀರಿ.

ತುಂಗೆ ತೀರದವ: ತಿದ್ದಿ ಹಾಕಿ ಅಂತಲೇ ಅಲ್ವಾ ಸ್ವಾಮಿ ಅಪ್ಪಣೆ ಆಗಿದ್ದು?

ನಿವೃತ್ತ ಮೇಷ್ಟ್ರು: ಗಣ ಸರಿಹೋಯಿತು. ಪ್ರಾಸ? ಪ್ರತಿ ಸಾಲಿನ ಎರಡನೇ ಅಕ್ಷರದ ವ್ಯಂಜನ ಒಂದೇ ಇರಬೇಕು. ಬೆಳಗು, ಕಳೆ ಎರಡೂ ಕುಳ, ಅಂದರೆ ಮಾಮೂಲಿ ಳ. ‘ಅಳಿಸು’ ರಳ, ಅಂದರೆ ಹಳಗನ್ನಡದ ೞ: ಅೞಿಸು. 13ನೇ ಶತಮಾನದಲ್ಲೇ ವ್ಯಾಕರಣಕಾರ ಕೇಶಿರಾಜ ರಳದ ಮಾತುಗಳನ್ನು ಪಟ್ಟಿ ಮಾಡಿಕೊಟ್ಟಿದ್ದಾನೆ. ಸಮಸ್ಯೆ ಕೊಟ್ಟವರಾದರೂ ನೋಡಬೇಕಿತ್ತು.

ಗದುಗಿನ ಗಾಳಿ: ಮೇಷ್ಟ್ರೇ, ೞ ಬಿಟ್ಟುಹೋಗಿ ಎಷ್ಟು ಕಾಲವಾಯ್ತು! ಇದು ಹೊಸಗನ್ನಡ.

ನಿವೃತ್ತ ಮೇಷ್ಟ್ರು: ಹಾಗಾದರೆ ‘ಪದಮೇ’ ಯಾಕೆ? ‘ಪದವೇ’ ಅಂದಿದ್ದರೂ ಮಾತ್ರೆ ಕೆಡುತ್ತಿರಲಿಲ್ಲ. ಹಳಗನ್ನಡದ ವೇಷ ಬೇಕು, ಕಟ್ಟುಪಾಡು ಬೇಡ.

ಗದುಗಿನ ಗಾಳಿ: ‘ಪದವಿಟ್ಟಳುಪದೊಂದಗ್ಗಳಿಕೆ’ (ಇಟ್ಟ ಪದವನ್ನು ಅಳಿಸದ ಹಿರಿಮೆ) ಅಂದ ನಮ್ಮೂರ ಕುಮಾರವ್ಯಾಸ ಅದೇ ಪದ್ಯದಲ್ಲಿ ‘ಹಲಗೆ’ಗೆ ‘ಗ್ಗಳಿಕೆ’ಯ ಪ್ರಾಸ ಹಿಡಿದಿದ್ದಾನೆ. ಲ–ಳವೇ ಒಂದಾದ ಮೇಲೆ ಳ–ೞ ಯಾವ ಲೆಕ್ಕ?

ಲಘುಗುರು: ಅಳಿಸುವ ಸಮಸ್ಯೆಗೆ ಅಳುಪದವನ ಸಾಕ್ಷಿ! ಭಲೆ.

ನಿವೃತ್ತ ಮೇಷ್ಟ್ರು: ಷಟ್ಪದಿಯವನಿಗೆ ಆ ಸಲಿಗೆ ಇತ್ತು. ನೀವು ಕೇಳಿದ್ದು ಕಂದ. ಇಗೋ, ರಳದಲ್ಲೇ:

ಪೞಿವರ ಮಾತಿಗೆ ಬೆರ್ಚದೆ
ಮೞೆವೊಲ್ ಸುರಿದೆಂ ವಿಶೇಷಣಂಗಳನೆಲ್ಲಂ
ಬೞಿಕಂ ತಿರ್ದಲ್ ಕುಳ್ಳಿರೆ
ಅೞಿಸಿದ ಪದಮೇ ಕವಿತೆಯನುೞಿಸಿತು ನೋಡಾ

ಮಲ್ಲಿಗೆ ಮೊಗ್ಗು: ಚೆನ್ನಾಗಿದೆ. ‘ವಿಶೇಷ’ ಸರಿಯಾಗಿ ಆರನೇ ಗಣದಲ್ಲೇ ಕೂತಿದೆ.

ತುಂಗೆ ತೀರದವ: ಪೞಿವರಿಗೆ ಬೆರ್ಚದವರು (ಹಳಿಯುವವರಿಗೆ ಹೆದರದವರು) ಆಮೇಲೆ ತಿದ್ದಲು ಯಾಕೆ ಕೂತಿರಿ ಮೇಷ್ಟ್ರೇ?

ನಿವೃತ್ತ ಮೇಷ್ಟ್ರು: ಅವರಿಗಾಗಿ ಅಲ್ಲಪ್ಪ. ನಾಲ್ಕು ದಿನ ಬಿಟ್ಟು ಓದಿದರೆ ನಾನು ಬರೆದ ಕಸ ನನಗೇ ಕಾಣುತ್ತೆ. ಪಾಟಿ ಒರೆಸಿ ಒರೆಸಿ ಅಂಗಿಯ ತೋಳು ಸವೆಸಿಕೊಂಡವರು ನಾವು. ನಿಮ್ಮದು ಹತ್ತು ನಿಮಿಷದ ತಿದ್ದುಪಡಿ.

ತುಂಗೆ ತೀರದವ: ‘ತಿರ್ದಲ್ ಕುಳ್ಳಿರೆ ಅೞಿಸಿದ’, ಅಲ್ಲಿ ಸಂಧಿ ಎಲ್ಲಿ ಹೋಯ್ತು?

ನಿವೃತ್ತ ಮೇಷ್ಟ್ರು: ನಿಮ್ಮ ‘ನುಡಿಯಂ ಅಳಿಸಿದ’ದ ಜೊತೆಗೇ ಹೋಯ್ತು.

ಗದುಗಿನ ಗಾಳಿ: ಸರಿ, ಸಮಸ್ಯೆಯನ್ನು ‘ಪದವೇ’ ಎಂದು ಓದಿಕೊಳ್ಳಿ. ೞ ಮಾತ್ರ ಹಾಕಲ್ಲ.

ನಿವೃತ್ತ ಮೇಷ್ಟ್ರು: ‘ನೋಡಾ’ ಹಾಗೇ ಇರುತ್ತಾ?