ಬೆಂಜಾಲ್ಡಿಹೈಡ್ ಬಾಟಲಿಯಲ್ಲಿ ಬಿಳಿ ಹರಳು: ಎಸೆಯಬೇಕಾ, ಉಳಿಸಬಹುದಾ?

ಕೇಳಿದ್ದು: ಡೈಬೆಂಜಾಲ್ ಅಸಿಟೋನ್ (ಬೆಂಜಾಲ್ಡಿಹೈಡ್ ಮತ್ತು ಅಸಿಟೋನನ್ನು ಕ್ಷಾರದ ಜೊತೆ ಬೆರೆಸಿ ಮಾಡುವ ಹಳದಿ ವಸ್ತು) ಮಾಡಲು ಹಳೆಯ ಬೆಂಜಾಲ್ಡಿಹೈಡ್ ಬಾಟಲಿ ತೆಗೆದೆ. ಮುಚ್ಚಳದ ಸುತ್ತ ಬಿಳಿ ಹರಳು ಕಟ್ಟಿದೆ. ಬಾದಾಮಿ ವಾಸನೆ ಮಾತ್ರ ಚೆನ್ನಾಗೇ ಇದೆ. ಹಾಗೇ ಬಳಸಬಹುದಾ? ಅನುಭವ ಇರುವವರು ಹೇಳಿ.

ಉತ್ತರ 1: ವಾಸನೆ ನಂಬಬೇಡಿ. ಅರ್ಧ ಕೆಟ್ಟಿದ್ದರೂ ಅದು ಘಮ್ಮೆನ್ನುತ್ತದೆ. ಆ ಹರಳು ಬೆಂಜೋಯಿಕ್ ಆಮ್ಲ. ಗಾಳಿಯ ಆಕ್ಸಿಜನ್ ತಾಗಿದರೆ ಬೆಂಜಾಲ್ಡಿಹೈಡ್ ತಾನಾಗೇ ಈ ಆಮ್ಲವಾಗುತ್ತದೆ, ಬೆಳಕು ಬಿದ್ದರೆ ಇನ್ನೂ ಬೇಗ. 1832ರಲ್ಲಿ ಲೀಬಿಗ್ ಮತ್ತು ವೋಲರ್ ಎಂಬ ರಸಾಯನ ವಿಜ್ಞಾನಿಗಳು ಕಹಿ ಬಾದಾಮಿ ಎಣ್ಣೆಯಲ್ಲಿ ಅಧ್ಯಯನ ಮಾಡಿದ್ದೂ ಇದೇ ಬೆಂಜಾಲ್ಡಿಹೈಡನ್ನು. ನಿಮ್ಮ ಪ್ರಯೋಗದಲ್ಲಿ ಬೆಂಜೋಯಿಕ್ ಆಮ್ಲ ಸುಮ್ನೆ ಕ್ಷಾರವನ್ನು ನುಂಗುತ್ತದೆ, ಅಳತೆಯೂ ತಪ್ಪುತ್ತದೆ. ಶೇ. 10ರ ಸೋಡಿಯಂ ಕಾರ್ಬೊನೇಟ್ ದ್ರಾವಣದಲ್ಲಿ ಎರಡು ಮೂರು ಸಲ ತೊಳೆಯಿರಿ. ನೊರೆ ಬರುವುದು ನಿಂತರೆ ಆಮ್ಲ ಹೋಯಿತು ಅಂತ. ಆಮೇಲೆ ನೀರಲ್ಲಿ ತೊಳೆದು, ನೀರಿಲ್ಲದ ಮೆಗ್ನೀಸಿಯಂ ಸಲ್ಫೇಟ್ ಹಾಕಿ ಒಣಗಿಸಿ. ಕಡಿಮೆ ಒತ್ತಡದಲ್ಲಿ ಬಟ್ಟಿ ಇಳಿಸಿದರೆ ಒಳ್ಳೆಯದು. ಸಾಮಾನ್ಯ ಒತ್ತಡದಲ್ಲಿ ಕುದಿಯಲು ಸುಮಾರು 179 ಡಿಗ್ರಿ ಬೇಕು, 10 ಮಿಲಿಮೀಟರ್ ಪಾದರಸದ ಒತ್ತಡದಲ್ಲಿ 62 ಸಾಕು.

ಉತ್ತರ 2: ಮೇಲಿನವರು ಹೇಳಿದ್ದು ಸರಿ, ಆದರೆ ತೊಳೆಯುವಾಗ ಯಾವ ಪದರ ಮೇಲೆ, ಯಾವುದು ಕೆಳಗೆ ಅನ್ನುವ ವಿಷಯ ಸೇರಿಸಲೇಬೇಕು. ನಾನು ಇಲ್ಲಿ ಒಮ್ಮೆ ಪೂರ್ತಿ ಬೆಂಜಾಲ್ಡಿಹೈಡ್ ಕಳೆದುಕೊಂಡಿದ್ದೇನೆ. ಅದರ ಸಾಂದ್ರತೆ 1.04, ನೀರಿಗಿಂತ ಜಾಸ್ತಿ. ಹಾಗಾಗಿ ಕೆಳಗೇ ಇರುತ್ತದೆ ಅಂದುಕೊಂಡೆ. ಆದರೆ ಶೇ. 10ರ ಕಾರ್ಬೊನೇಟ್ ದ್ರಾವಣದ ಸಾಂದ್ರತೆ ಸುಮಾರು 1.10, ಅಲ್ವಾ? ಅದರಲ್ಲಿ ಎಣ್ಣೆ (ಅಂದರೆ ಬೆಂಜಾಲ್ಡಿಹೈಡ್) ಮೇಲೆ ತೇಲುತ್ತದೆ! ನೀರಲ್ಲಿ ತೊಳೆಯುವಾಗ ಮತ್ತೆ ಕೆಳಗಿಳಿಯುತ್ತದೆ. ಕೊನೆಯವರೆಗೆ ಯಾವ ಪದರವನ್ನೂ ಚೆಲ್ಲಬೇಡಿ. ಪದರ ಬೇರ್ಪಡಿಸುವ ಫನಲ್ಲಿನಲ್ಲಿ ಗ್ಯಾಸ್ ತುಂಬುತ್ತದೆ, ಆಗಾಗ ನಲ್ಲಿ ತೆರೆದು ಬಿಡಿ. ಕಾರ್ಬೊನೇಟ್ ಬದಲು ಸಾಂದ್ರ ಸೋಡಿಯಂ ಹೈಡ್ರಾಕ್ಸೈಡ್ ದ್ರಾವಣ ಹಾಕಲೇಬೇಡಿ. ಕ್ಯಾನಿಝಾರೊ ಕ್ರಿಯೆ ಶುರುವಾಗಿ ಅರ್ಧ ಬೆಂಜೈಲ್ ಆಲ್ಕೋಹಾಲ್, ಅರ್ಧ ಮತ್ತೆ ಅದೇ ಆಮ್ಲದ ಲವಣ ಆಗುತ್ತದೆ.

ಉತ್ತರ 3: ಚೆಲ್ಲಿದ್ದನ್ನು ಒರೆಸಿದ ಬಟ್ಟೆ, ಹತ್ತಿಯನ್ನು ಕಸದ ಬುಟ್ಟಿಗೆ ಹಾಗೇ ಎಸೆಯಬೇಡಿ. ಗಾಳಿ ಜೊತೆ ಕ್ರಿಯೆ ನಡೆದು ಬಿಸಿಯೇರಿ, ತಾನಾಗೇ ಬೆಂಕಿ ಹತ್ತಬಹುದು. ನೀರಲ್ಲಿ ನೆನೆಸಿಡಿ. ಶುದ್ಧ ಮಾಡಿದ್ದನ್ನು ಚಿಕ್ಕ ಕಂದು ಬಾಟಲಿಗಳಲ್ಲಿ ಕಂಠದವರೆಗೆ ತುಂಬಿ. ನೈಟ್ರೋಜನ್ ಇದ್ದರೆ ಊದಿ ಮುಚ್ಚಿ. ಅರ್ಧ ಖಾಲಿಯಾದ ದೊಡ್ಡ ಬಾಟಲಿಯಲ್ಲೇ ಈ ಹರಳು ಬೇಗ ಕಟ್ಟುತ್ತದೆ.

ಕೇಳಿದವರು: ತೊಳೆದೆ. ಎಣ್ಣೆ ನಿಜವಾಗಲೂ ಮೇಲೆ ತೇಲಿತು! ಡೈಬೆಂಜಾಲ್ ಅಸಿಟೋನ್ ಹಳದಿ ಹರಳಾಗಿ ಬಂದಿದೆ, 110 ಡಿಗ್ರಿಗೆ ಕರಗಿತು, ಅಂದರೆ ಶುದ್ಧವಾಗೇ ಇದೆ.